ಐನೂರ ನಲವತ್ತು ಕಿಲೋಗೆ ಮಂಚ ಕೇಳಿದ ನಮ್ಮ ಚಿಕ್ಕಮ್ಮ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಶುರುವಾಗುತ್ತದೆ, ಪುಟದ ಆ ಕೊನೆಗೆ ಹೋಗುವಷ್ಟರಲ್ಲಿ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ಕೆಳಗೆ ಓಡಿರುತ್ತದೆ. ಇದನ್ನು ಅಚ್ಚಿಗೆ ಜೋಡಿಸುವ ಅಣ್ಣನಿಗೆ ಕಣ್ಣು ನೋವು ಬಂದರೆ ದಯವಿಟ್ಟು ಕ್ಷಮಿಸಬೇಕು. ಮಾತುಗಳೂ ನನಗೆ ಹೆಚ್ಚು ಬರುವುದಿಲ್ಲ. ಒಂಬತ್ತನೇ ತರಗತಿಯ ಮಧ್ಯದಲ್ಲಿ ಅಮ್ಮನಿಗೆ ಆಪರೇಷನ್ ಆಗಿ ಮನೆ ನೋಡಿಕೊಳ್ಳಲು ಶಾಲೆ ಬಿಟ್ಟೆ. ಆಮೇಲೆ ಚಿಕ್ಕ ಮಕ್ಕಳ ಜೊತೆ ಹೋಗಿ ಕೂರಲು ನಾಚಿಕೆಯಾಗಿ ಮತ್ತೆ ಹೋಗಲಿಲ್ಲ. ಈಗ ಲಾಂಡ್ರಿಯಲ್ಲಿ ಟವೆಲ್ ಮಡಿಸುವ ಮೇಜಿನ ಕೆಲಸ ನನ್ನದು.

ನಮ್ಮ ನೌಕರರ ಸಂಘದವರು ಪುಸ್ತಕ ತರುತ್ತಿದ್ದಾರೆ. ಪ್ರತಿ ವಿಭಾಗದಿಂದ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ಇಸ್ತ್ರಿ ವಿಭಾಗದವರೆಲ್ಲ ಒಂದೇ ಬಾಯಲ್ಲಿ ನನ್ನ ಚಿಕ್ಕಮ್ಮನನ್ನು ಹೇಳಿದರು. ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ಆವತ್ತು ಹೋಟೆಲುಗಳಿಗೆಲ್ಲ ಬರೆದೋಳು ನೀನೇ ಅಲ್ವಾ, ಇದನ್ನೂ ನೀನೇ ಬರಿ" ಅಂದರು. ಎದುರಾಡಲು ನನಗೆ ಬರುವುದಿಲ್ಲ. ಹಾಗಾಗಿ ಮೊದಲು ಪೆನ್ಸಿಲಿನಲ್ಲಿ ಬರೆದು, ಅಮ್ಮನಿಗೆ ಓದಿ ಹೇಳಿ, ಈಗ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಎಂಬುದು ನಿಮಗೆಲ್ಲ ಗೊತ್ತು. ಹೊರಗಿನವರು ಓದಿದರೆ ಅವರಿಗಾಗಿ ಇಷ್ಟು ಹೇಳುತ್ತೇನೆ: ಯಂತ್ರದಿಂದ ಬಂದ ಬೆಡ್‌ಶೀಟ್ ಒದ್ದೆ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು, ಫಟ್ ಎನ್ನುವಂತೆ ಎಳೆದು, ಸುಕ್ಕು ಬಿಡಿಸಿ ಬಿಸಿ ರೋಲರಿಗೆ ಕೊಡಬೇಕು. ಚಿಕ್ಕಮ್ಮ ಈ ಕೆಲಸಕ್ಕೆ ಸೇರಿದ್ದು ನಾನು ಹುಟ್ಟುವ ಮೊದಲು. ಅವಳ ಎದುರಿಗೆ ನಿಲ್ಲಲು ಹೊಸಬರು ಹೆದರುತ್ತಾರೆ. ಕಾಲು ಊರಿ ನಿಲ್ಲದಿದ್ದರೆ ಬೆಡ್‌ಶೀಟಿನ ಜೊತೆ ನಾವೂ ಅವಳ ಕಡೆಗೆ ಹೋಗಿಬಿಡುತ್ತೇವೆ.

ಚಿಕ್ಕಮ್ಮ ಅಮ್ಮನ ತಂಗಿ. ನಮ್ಮ ಜೊತೆಯೇ ಇರುತ್ತಾಳೆ. ಆಳು ದೊಡ್ಡದು. ಇದನ್ನು ಬರೆಯಬಹುದಾ ಎಂದು ಕೇಳಿದೆ. "ಬರಿ, ಕದ್ದು ತಂದಿದ್ದಲ್ವಲ್ಲ" ಅಂದಳು. ಬಸ್ಸಿನಲ್ಲಿ ಯಾರಾದರೂ ಮುಖ ಸಿಂಡರಿಸಿ ಪಕ್ಕಕ್ಕೆ ಸರಿದರೆ "ಆರಾಮಾಗಿ ಕೂತ್ಕೊಳ್ಳಿ, ಒರಗಿಕೊಳ್ಳೋಕೆ ದಿಂಬು ಬೇರೆ ಸಿಕ್ಕಿತು ನಿಮಗೆ" ಎನ್ನುತ್ತಾಳೆ. ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಆಡಿ ಮುಗಿಸುವುದು ಅವಳ ಪದ್ಧತಿ.

ಸಂಘದ ಕ್ರೀಡಾದಿನದಲ್ಲಿ ಒಮ್ಮೆ ಇಸ್ತ್ರಿ ವಿಭಾಗದ ಹೆಂಗಸರು ವ್ಯಾನ್ ಡ್ರೈವರುಗಳ ಜೊತೆ ತಮಾಷೆಗೆ ಹಗ್ಗಜಗ್ಗಾಟ ಆಡಿ ಅವರನ್ನು ಗೆರೆ ದಾಟಿಸಿ ಎಳೆದುಬಿಟ್ಟರು. ಡ್ರೈವರುಗಳು ಚಪ್ಪಲಿ ಜಾರಿತು ಅಂದರು. ಚಪ್ಪಲಿ ಬಿಟ್ಟು ಇನ್ನೊಮ್ಮೆ ಎಳೆದಾಗಲೂ ಅದೇ ಆಯಿತು. ನಮ್ಮ ಬಾಯ್ಲರ್ ನೋಡಿಕೊಳ್ಳುವ ಮಾವ, ಅಂದರೆ ನಾವೆಲ್ಲ ಬಾಯ್ಲರ್ ಮಾವ ಎಂದು ಕರೆಯುವವರು, ಪ್ರಾಯದಲ್ಲಿ ಹಗ್ಗ ಎಳೆದವರು. ಅಂದಿನಿಂದ ಅವರೇ ತರಬೇತಿ ಕೊಡತೊಡಗಿದರು. ಎಂಟು ಜನರ ತಂಡವಾಯಿತು. ಎಲ್ಲರಿಗಿಂತ ಮುಂದೆ ನಿಲ್ಲುವವಳು ಉದ್ದಕ್ಕ. ಅವಳಷ್ಟೇ ಉದ್ದ ಅವಳ ನಾಲಿಗೆ. ಎಲ್ಲರಿಗಿಂತ ಹಿಂದೆ, ಹಗ್ಗವನ್ನು ಬೆನ್ನು ಭುಜದ ಮೇಲೆ ಸುತ್ತಿ ನಿಲ್ಲುವವಳು ಚಿಕ್ಕಮ್ಮ. ಆ ಜಾಗದಲ್ಲಿ ನಿಲ್ಲುವವರು ತಂಡಕ್ಕೆ ಹೂತ ಗೂಟವಿದ್ದ ಹಾಗೆ. ಉಳಿದವರೆಲ್ಲ ಜಾರಿದರೂ ಅವರು ಜಾರಬಾರದು.

ಈ ಆಟದಲ್ಲಿ ತೂಕವೇ ಮುಖ್ಯ. ಎಂಟೂ ಜನರ ತೂಕ ಸೇರಿಸಿ ಐನೂರ ನಲವತ್ತು ಕಿಲೋ ಮೀರಬಾರದು. ಆಟದ ದಿನ ಬೆಳಿಗ್ಗೆ ತೂಕ ಹಾಕುತ್ತಾರೆ. ಮೀರಿದರೆ ಆಡುವಂತಿಲ್ಲ. ಹಾಗಾಗಿ ನಮ್ಮವರು ಯಾರ ಮನೆಗೆ ಹೋದರೂ ಮೊದಲು ತೂಕದ ಯಂತ್ರ ಎಲ್ಲಿದೆ ಎಂದು ಹುಡುಕುತ್ತಾರೆ. ಒಬ್ಬಳು ಇನ್ನೊಬ್ಬಳನ್ನು ಪರಿಚಯಿಸುವಾಗ ಹೆಸರಿನ ಜೊತೆಗೆ ತೂಕವನ್ನೂ ಹೇಳಿಬಿಡುತ್ತಾಳೆ. ಹೊರಗಿನವರಿಗೆ ಇದು ವಿಚಿತ್ರವೆನಿಸುತ್ತದೆ ಎಂಬುದೇ ನಮಗೆ ಮರೆತುಹೋಗಿತ್ತು.

ಹೀಗೆ ಆಡಿ ಗೆದ್ದು, ಕಳೆದ ವರ್ಷ ನಮ್ಮ ತಂಡಕ್ಕೆ ಹೊರದೇಶದ ಪಂದ್ಯಕ್ಕೆ ಕರೆ ಬಂತು. ಸಂಘದವರು ವಿಮಾನದ ಟಿಕೆಟ್ಟಿನ ಜವಾಬ್ದಾರಿ ಹೊತ್ತುಕೊಂಡರು. ಉಳಿದದ್ದು ತಂಗುವ ಜಾಗ. ವೀಸಾ ಕಚೇರಿಯವರು, ಅಲ್ಲಿ ಎಲ್ಲಿ ಉಳಿದುಕೊಳ್ಳುತ್ತೀರಿ ಎಂಬುದಕ್ಕೆ ಹೋಟೆಲಿನವರು ಎಲ್ಲರ ಹೆಸರು ಬರೆದು ಕೊಟ್ಟ ಕಾಗದ ಬೇಕು ಎಂದರು. ಅದಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಪಂದ್ಯವಿಲ್ಲ. ಕಂಪ್ಯೂಟರಿನಲ್ಲಿ ನೇರವಾಗಿ ಕೋಣೆ ಹಿಡಿಯಬಹುದು ಎಂದು ಯಾರೋ ಹೇಳಿದರು. ಆದರೆ ಅದು ಹೊರದೇಶದಲ್ಲಿ ನಡೆಯುವ ಬ್ಯಾಂಕ್ ಕಾರ್ಡು ಕೇಳುತ್ತದೆ. ನಮ್ಮಲ್ಲಿ ಯಾರ ಬಳಿಯೂ ಅಂಥ ಕಾರ್ಡಿರಲಿಲ್ಲ. ಹೋಟೆಲಿನವರಿಗೇ ಇಮೇಲ್ ಬರೆದು, ಬಂದ ಮೇಲೆ ಹಣ ಕೊಡುತ್ತೇವೆ ಎಂದು ಒಪ್ಪಿಸುವುದೊಂದೇ ದಾರಿ.

ಬಾಯ್ಲರ್ ಮಾವ ಬೇರೆ ದಾರಿ ಕಂಡುಹಿಡಿದು ಬಂದರು. ಊಟದ ಬಿಡುವಿನಲ್ಲಿ ಎಲ್ಲರೂ ಮಡಿಸುವ ಮೇಜಿನ ಸುತ್ತ ಕೂತಿದ್ದರು.

"ಟ್ರಾವೆಲ್ಸ್‌ನವನು ಒಂದು ಕಾಗದ ಮಾಡಿಕೊಡ್ತಾನಂತೆ" ಅಂದರು. "ಹೋಟೆಲ್ ಹೆಸರು, ನಮ್ಮ ಹೆಸರು ಎಲ್ಲ ಇರುತ್ತೆ. ವೀಸಾ ಕೈಗೆ ಬಂದ ಮೇಲೆ ಅವನೇ ರದ್ದು ಮಾಡ್ತಾನೆ. ಎಲ್ಲರೂ ಹೀಗೇ ಮಾಡೋದಂತೆ."

"ಅಂದ್ರೆ ಆ ಹೋಟೆಲಲ್ಲಿ ನಮಗೆ ಕೋಣೆ ಇರಲ್ವಾ?" ಚಿಕ್ಕಮ್ಮ ಕೇಳಿದಳು.

"ಕಾಗದದಲ್ಲಿ ಇರುತ್ತೆ."

"ಕಾಗದದ ಮೇಲೆ ನಾನು ಮಲಗಿದ್ರೆ ಹರಿದುಹೋಗುತ್ತೆ ಮಾವ."

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. "ಇಷ್ಟು ವರ್ಷ ಹೋಟೆಲುಗಳ ಬೆಡ್‌ಶೀಟ್ ಒಗೆದಿದ್ದೀನಿ. ಒಂದರ ಮೇಲೂ ಮಲಗಿದವಳಲ್ಲ. ಮೊದಲನೇ ಸಲ ಮಲಗೋಕೆ ಹೋಗೋವಾಗ ಸುಳ್ಳು ಹೇಳ್ಕೊಂಡು ಹೋಗಲ್ಲ. ಅಲ್ಲಿ ಯಾರಾದ್ರೂ ನಮ್ಮನ್ನ ಕಾಯ್ತಿರಬೇಕು. ಬರೆಯೋಣ."

"ಯಾರು ಬರೀತಾರೆ? ನೀನಾ?" ಉದ್ದಕ್ಕ ಕೇಳಿದಳು.

"ಇವಳು" ಎಂದು ಚಿಕ್ಕಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಅಯ್ಯೋ, ಇವಳಾ! ಪಕ್ಕದಲ್ಲಿ ಕೂತವರಿಗೇ ಇವಳ ಮಾತು ಕೇಳಿಸಲ್ಲ, ಸಮುದ್ರದಾಚೆ ಕೇಳಿಸುತ್ತಾ?"

"ಇಮೇಲಿಗೆ ಗಂಟಲು ಬೇಡ" ಅಂದಳು ಚಿಕ್ಕಮ್ಮ. ಅಲ್ಲಿಗೆ ತೀರ್ಮಾನವಾಯಿತು.

ಪಂದ್ಯ ನಡೆಸುವವರು ಆ ಊರಿನ ಹೋಟೆಲುಗಳ ಇಮೇಲ್ ವಿಳಾಸಗಳನ್ನು ಕಳಿಸಿದ್ದರು. ನಾನು ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿದ್ದ ರಜೆ ಅರ್ಜಿಯ ಮಾದರಿ ನೋಡಿಕೊಂಡು, ಗೊತ್ತಿಲ್ಲದ ಪದಗಳನ್ನು ಮೊಬೈಲಿನಲ್ಲಿ ಹುಡುಕಿ, ಚಿಕ್ಕದಾಗಿ ಬರೆದೆ. ಮಾನ್ಯರೇ, ಇಂಥ ದಿನದಿಂದ ಇಂಥ ದಿನದವರೆಗೆ ಎಂಟು ಹೆಂಗಸರಿಗೂ ಒಬ್ಬ ಗಂಡಸಿಗೂ ಕೋಣೆಗಳು ಬೇಕು, ಬಂದ ಮೇಲೆ ಹಣ ಕೊಡುತ್ತೇವೆ, ಇಂತಿ ನಿಮ್ಮ ವಿಧೇಯ. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ನೋಡಿ ಅರ್ಧದಷ್ಟು ಹೋಟೆಲುಗಳಿಗೆ ಕಳಿಸಿದೆ.

ಕೆಲವು ಕಡೆಯಿಂದ ಕಳಿಸಿದ ಕೂಡಲೇ ಉತ್ತರ ಬಂತು. ನನಗೆ ಆಶ್ಚರ್ಯವಾಯಿತು. ನಿಮ್ಮ ಪತ್ರ ತಲುಪಿದೆ, ಧನ್ಯವಾದ ಎಂದಿತ್ತು. ಇಷ್ಟು ಬೇಗ ಉತ್ತರಿಸಿದ್ದೀರಿ, ನಿಮಗೂ ಧನ್ಯವಾದ ಎಂದು ಬರೆದೆ. ಮತ್ತೆ ಅದೇ ಉತ್ತರ ಬಂತು. ನಾನೂ ಮತ್ತೆ ಧನ್ಯವಾದ ಹೇಳಿದೆ. ಅದು ಯಂತ್ರ ತಾನಾಗಿ ಕಳಿಸುವ ಉತ್ತರ ಎಂದು ಆಮೇಲೆ ಒಬ್ಬ ಡ್ರೈವರ್ ಅಣ್ಣ ತಿಳಿಸಿದರು. ಮನುಷ್ಯರು ಬರೆದ ಉತ್ತರಗಳಲ್ಲಿ ಎಲ್ಲವೂ ಒಂದೇ: ಪಂದ್ಯದ ದಿನಗಳಲ್ಲಿ ಕೋಣೆ ಖಾಲಿಯಿಲ್ಲ. ಉಳಿದವರು ಉತ್ತರಿಸಲೇ ಇಲ್ಲ.

ಸಂಜೆ ಚಿಕ್ಕಮ್ಮ ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಕೂತು, "ಏನು ಬರೆದೆ, ಓದು" ಅಂದಳು. ನಮ್ಮ ಮಾತಿಗೆ ತಿರುಗಿಸಿ ಓದಿದೆ.

"ಇಷ್ಟೇನಾ?"

"ಇಷ್ಟೇ."

"ಇದರಲ್ಲಿ ನಾವೆಲ್ಲಿದ್ದೀವಿ? ಎಂಟು ಹೆಂಗಸರು ಅಂದ್ರೆ ಯಾರು ಬೇಕಾದ್ರೂ ಆಗಬಹುದು. ಅಲ್ಲಿ ಕೂತು ಓದೋಳೂ ನಮ್ಮ ಹಾಗೆ ಕೆಲಸಕ್ಕೆ ಬಂದಿರೋಳು. ಬೆಳಗಿಂದ ಇಂಥವೇ ಓದಿ ಓದಿ ಅವಳ ಕಣ್ಣು ಬತ್ತಿರುತ್ತೆ. ನಾವು ಯಾರು, ಯಾಕೆ ಬರ್ತಿದ್ದೀವಿ, ನಮಗೆ ಏನು ಬೇಕು, ಬಿಡಿಸಿ ಹೇಳು. ಬರ್ಕೋ."

ಅವಳು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ನಾವು ಬೆಡ್‌ಶೀಟ್ ಒಗೆಯುವವರು. ಹಗ್ಗ ಎಳೆಯಲು ನಿಮ್ಮ ಊರಿಗೆ ಬರುತ್ತಿದ್ದೇವೆ. ಎಂಟೂ ಜನರ ಒಟ್ಟು ತೂಕ ಐನೂರ ನಲವತ್ತು ಕಿಲೋ. ನಿಮ್ಮ ಮಂಚಗಳು ಗಟ್ಟಿಯಾಗಿವೆಯೇ ನೋಡಿ ತಿಳಿಸಿ. ತೂಕದ ಯಂತ್ರ ಇದ್ದರೆ ಒಳ್ಳೆಯದು. ಆಟದ ದಿನ ಬೆಳಿಗ್ಗೆ ನಾವು ಏನೂ ತಿನ್ನುವುದಿಲ್ಲ, ತೂಕ ಹಾಕಿಸಿಕೊಂಡು ಬಂದ ಮೇಲೆ ತುಂಬ ತಿನ್ನುತ್ತೇವೆ, ಅಡುಗೆಯವರಿಗೆ ಮೊದಲೇ ಹೇಳಿರಿ. ಕೆಳಗೆ ಎಲ್ಲರ ಹೆಸರು, ಹೆಸರಿನ ಮುಂದೆ ತೂಕ. ಚಿಕ್ಕಮ್ಮನದು ತೊಂಬತ್ತೆಂಟು. "ಅದನ್ನ ಸ್ಪಷ್ಟವಾಗಿ ಬರಿ, ಆಮೇಲೆ ನೋಡಿ ಗಾಬರಿ ಆಗಬಾರದು" ಅಂದಳು.

ಅಡುಗೆಮನೆಯಿಂದ ಅಮ್ಮ ಕೂಗಿದಳು: "ಏ, ಹೆಂಗಸರ ತೂಕವನ್ನ ಊರಿಗೆಲ್ಲ ಬರೆದು ಕಳಿಸ್ತಾರೇನೇ?"

"ಊರಿಗೆಲ್ಲ ಅಲ್ಲ ಅಕ್ಕ, ಹೋಟೆಲಿಗೆ" ಅಂದಳು ಚಿಕ್ಕಮ್ಮ.

ನಾನು ಅದನ್ನು ಜಾಗ್ರತೆಯಿಂದ ಇಂಗ್ಲಿಷಿಗೆ ತಂದೆ. ಪಂದ್ಯದ ಅರ್ಜಿಯಲ್ಲಿ ಇರುವ ಹಾಗೆಯೇ ಒಟ್ಟು ತೂಕವನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದೆ. ಅದೇ ಸರಿಯಾದ ಕ್ರಮ ಎಂದುಕೊಂಡಿದ್ದೆ. ಉಳಿದ ಹೋಟೆಲುಗಳಿಗೆಲ್ಲ ಕಳಿಸಿದೆ.

ಈ ಸಲ ಉತ್ತರಗಳು ಬಂದವು. ಒಂದು ಹೋಟೆಲಿನವರು, ಎಂಟು ಪ್ರಾಣಿಗಳು ಯಾವ ಜಾತಿಯವು, ನಮ್ಮಲ್ಲಿ ನಾಯಿಗಳಿಗೆ ಮಾತ್ರ ಅವಕಾಶ ಎಂದು ಬರೆದಿದ್ದರು. ಇನ್ನೊಬ್ಬರು ಒಂದೇ ಸಾಲು: ನಾವು ಸರಕು ಇಟ್ಟುಕೊಳ್ಳುವುದಿಲ್ಲ, ದಯವಿಟ್ಟು ಬಂದರಿನ ಗೋದಾಮಿನಲ್ಲಿ ವಿಚಾರಿಸಿ. ಮೇಲಿನ ತೂಕವನ್ನು ನೋಡಿ ಕೆಳಗಿನದನ್ನು ಓದಿರಲಿಲ್ಲ ಎಂದು ಕಾಣುತ್ತದೆ. ಮೂರನೆಯವರು, ಕೋಣೆ ಇಲ್ಲ, ಇದ್ದಿದ್ದರೂ ನಮ್ಮ ಲಿಫ್ಟ್ ಹಳೆಯದು ಎಂದಿದ್ದರು.

ಇದನ್ನು ತಂಡದವರಿಗೆ ಹೇಳದೆ ಇರುವಂತಿರಲಿಲ್ಲ. ಹೇಳಿದೆ.

"ಸರಕು!" ಉದ್ದಕ್ಕ ಕೈಯಲ್ಲಿದ್ದ ಟವೆಲನ್ನು ಮೇಜಿಗೆ ಬಡಿದಳು. "ನೋಡಿದ್ಯಾ, ನಿನ್ನ ಮಾತು ಕೇಳಿ ನಾವು ಸರಕಾದ್ವಿ. ಆ ಊರಲ್ಲಿ ಇಳಿದ ಕೂಡಲೇ ನಮ್ಮ ಬೆನ್ನಿಗೆ ಸ್ಟಿಕ್ಕರ್ ಅಂಟಿಸ್ತಾರೆ!"

"ನಿನಗೆ 'ಮುಟ್ಟಿದರೆ ಒಡೆಯುತ್ತದೆ' ಅಂತ ಅಂಟಿಸ್ತಾರೆ" ಅಂದಳು ಚಿಕ್ಕಮ್ಮ. ನಗು ಬಂದರೂ ಯಾರೂ ಪೂರ್ತಿ ನಗಲಿಲ್ಲ. ವೀಸಾ ಕಚೇರಿಗೆ ಹೋಗಬೇಕಾದ ದಿನ ಹತ್ತಿರ ಬಂದಿತ್ತು. ಹೆಂಗಸರಲ್ಲಿ ಒಬ್ಬಳು ಆಗಲೇ ಚೀಲ ಹೊಲಿಸಿಟ್ಟುಕೊಂಡಿದ್ದಳು. ಅವಳು ನೆಲ ನೋಡುತ್ತ ಕೂತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಬಾಯ್ಲರ್ ಮಾವ ಮೆಲ್ಲಗೆ ಹೇಳಿದರು: "ನಿನ್ನ ಮಾತು ತಪ್ಪು ಅಂತ ನಾನು ಹೇಳಲ್ಲಮ್ಮ. ಆದ್ರೆ ಈ ವಾರ ಕಾಗದ ಬರದಿದ್ರೆ ಟ್ರಾವೆಲ್ಸ್‌ನವನ ಹತ್ರ ಹೋಗ್ಲೇಬೇಕು. ಎಂಟು ಜನರ ಶ್ರಮ ಇದೆ."

ಚಿಕ್ಕಮ್ಮ ಉದ್ದಕ್ಕ ಬಡಿದ ಟವೆಲನ್ನು ಎತ್ತಿ ಮಡಿಸಿಟ್ಟಳು. "ಈ ವಾರ ಮುಗೀಲಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಸರಕು ಅಂದವನಿಗೆ ಉತ್ತರ ಬರೆದೆಯಾ?"

"ಅವರಿಗೆ ಯಾಕೆ ಚಿಕ್ಕಮ್ಮ?"

"ಉಳಿದವರು ಓದಿದ್ರೋ ಇಲ್ವೋ ಗೊತ್ತಿಲ್ಲ. ಅವನು ಅರ್ಧನಾದ್ರೂ ಓದಿದ್ದಾನೆ. ಪೂರ್ತಿ ಓದಿದ್ರೆ ದಾರಿಗೆ ಬರ್ತಾನೆ. ನಾವು ಸರಕಲ್ಲ, ಹೆಂಗಸರು, ಕೆಳಗಿನ ಸಾಲುಗಳನ್ನೂ ಓದಿ ಅಂತ ಬರಿ. ಕೋಪ ಮಾಡ್ಕೊಂಡು ಬರೀಬೇಡ. ಒಂದು ಫೋಟೋನೂ ಹಾಕು."

ಲಾಂಡ್ರಿಯ ಅಂಗಳದಲ್ಲಿ ಎಂಟೂ ಜನ ಹಗ್ಗ ಹಿಡಿದು ನಿಂತ ಫೋಟೋ ಇತ್ತು. ಹಿಂದೆ ಒಣಹಾಕಿದ ಬಿಳಿ ಬೆಡ್‌ಶೀಟುಗಳು, ಕೊನೆಯಲ್ಲಿ ಚಿಕ್ಕಮ್ಮ. ಅದನ್ನು ಸೇರಿಸಿ ಕಳಿಸಿದೆ. ಒಪ್ಪಿಕೊಂಡುಬಿಡುತ್ತೇನೆ, ನನಗೆ ನಂಬಿಕೆ ಇರಲಿಲ್ಲ.

ಮರುದಿನ ಟವೆಲ್ ಮಡಿಸುತ್ತಿದ್ದಾಗ ಮೊಬೈಲ್ ಸದ್ದು ಮಾಡಿತು. ಸರಕು ಎಂದವರು ಆ ಹೋಟೆಲಿನ ಮ್ಯಾನೇಜರ್. ತುಂಬ ಉದ್ದವಾಗಿ ಬರೆದಿದ್ದರು. ಮೊದಲ ಅರ್ಧ ಬರೀ ಕ್ಷಮಾಪಣೆ. ಇಡೀ ಸಿಬ್ಬಂದಿಗೆ ನನ್ನ ಪತ್ರ ಓದಿ ಹೇಳಿದರಂತೆ, ತಮ್ಮ ಬಗ್ಗೆ ತಾವೇ ನಕ್ಕರಂತೆ. ತಮ್ಮಲ್ಲಿ ನಿಜವಾಗಿಯೂ ಕೋಣೆ ಇಲ್ಲ. ಆದರೆ ಊರಂಚಿನಲ್ಲಿ ತಮ್ಮ ಅಕ್ಕ ಒಂದು ಸಣ್ಣ ಹೋಟೆಲು ನಡೆಸುತ್ತಾಳೆ. ಅದಕ್ಕೆ ಜಾಹೀರಾತಿಲ್ಲ, ಪಂದ್ಯದವರ ಪಟ್ಟಿಯಲ್ಲೂ ಅದರ ಹೆಸರಿಲ್ಲ. ನಿಮ್ಮ ಪತ್ರವನ್ನು ಅವಳಿಗೆ ಕಳಿಸಿದ್ದೇನೆ, ಅವಳು ಮಂಚಗಳನ್ನು ನೋಡುತ್ತಿದ್ದಾಳೆ ಎಂದಿತ್ತು.

ಮಂಚಗಳನ್ನು ನೋಡುತ್ತಿದ್ದಾಳೆ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ.

ಅಂದು ಸಂಜೆಯೇ ಆ ಅಕ್ಕನಿಂದ ಪತ್ರ ಬಂತು. ಅವಳ ಇಂಗ್ಲಿಷ್ ನನ್ನದರ ಹಾಗೆಯೇ ಇತ್ತು, ಸಣ್ಣ ಸಣ್ಣ ಸಾಲು. ಓದಲು ಸುಲಭವಾಯಿತು. ಅದರ ಜೊತೆ ಒಂದು ಫೋಟೋ ಇತ್ತು. ಚಿಕ್ಕಮ್ಮ ಇಸ್ತ್ರಿ ರೋಲರಿನ ಹತ್ತಿರ ಇದ್ದಳು. ಓಡಿಹೋಗಿ ತೋರಿಸಿದೆ. ಉದ್ದಕ್ಕನೂ ಕುತ್ತಿಗೆ ಚಾಚಿದಳು.

ಒಂದು ಮರದ ಮಂಚ. ಅದರ ಮೇಲೆ ಒತ್ತಿಕೊಂಡು ಎಂಟು ಜನ ಕೂತಿದ್ದಾರೆ. ಬಿಳಿ ಟೋಪಿಯ ಅಡುಗೆಯವನು, ಮಣ್ಣಿನ ಬೂಟು ಹಾಕಿದ ತೋಟದ ಮುದುಕ, ಚೀಲ ಹೆಗಲಿಗೆ ಹಾಕಿಕೊಂಡ ಅಂಚೆಯವನು, ಪಕ್ಕದ ಮನೆಯವರೆಂದು ಕಾಣುವ ದಪ್ಪ ದಂಪತಿ, ಕೋಣೆ ಗುಡಿಸುವ ಇಬ್ಬರು ಹುಡುಗಿಯರು. ನಡುವೆ ಹೋಟೆಲಿನ ಅಕ್ಕ ಎರಡೂ ಕೈ ಎತ್ತಿ ನಗುತ್ತಿದ್ದಾಳೆ.

ಪತ್ರದಲ್ಲಿ ಹೀಗಿತ್ತು: ನಿಮ್ಮ ಎಂಟು ಜನರ ತೂಕದಷ್ಟು ಜನರನ್ನು ಬೀದಿಯಿಂದ ಕರೆದು ಒಂದೇ ಮಂಚದ ಮೇಲೆ ಕೂರಿಸಿದೆ. ಮಂಚ ಕಿರುಗುಟ್ಟಿತು, ಮುರಿಯಲಿಲ್ಲ. ನೀವು ಒಂದು ಮಂಚಕ್ಕೆ ಒಬ್ಬರೇ ಮಲಗುತ್ತೀರಿ, ಆದ್ದರಿಂದ ಭಯ ಬೇಡ. ಮನುಷ್ಯರ ತೂಕದ ಯಂತ್ರ ನನ್ನಲ್ಲಿಲ್ಲ. ಆಲೂಗಡ್ಡೆ ಮೂಟೆ ತೂಗುವ ಯಂತ್ರ ಕೊಟ್ಟಿಗೆಯಲ್ಲಿದೆ, ಸರಿಯಾದ ತೂಕ ತೋರಿಸುತ್ತದೆ. ಹಣವನ್ನು ನೀವು ಇಲ್ಲಿಗೆ ಬಂದ ಮೇಲೆ ಕೊಡಿ. ಯಾವಾಗ ಬರುತ್ತೀರಿ?

"ಹಾಂ!" ಅಂದಳು ಉದ್ದಕ್ಕ. ಅಷ್ಟೇ. ಅವಳಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವಳು ನನ್ನನ್ನು ಎತ್ತಿ ಮಡಿಸಿದ ಟವೆಲುಗಳ ರಾಶಿಯ ಮೇಲೆ ಕೂರಿಸಿಬಿಟ್ಟಳು. ಆ ಟವೆಲುಗಳನ್ನೆಲ್ಲ ಮತ್ತೆ ಮಡಿಸಬೇಕಾಯಿತು. ಚಿಕ್ಕಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ತೋಟದ ತಾತನ ಬೂಟು ನೋಡು" ಅಂದಳು. "ಆ ಬೆಡ್‌ಶೀಟನ್ನ ಈಗ ಯಾರು ಒಗೀತಾರೋ ಪಾಪ."

ಎಲ್ಲರ ಹೆಸರೂ ಇರುವ ಕಾಗದ ಕಳಿಸಿ ಎಂದು ನಾನು ಬರೆದೆ. ಹೋಟೆಲಿನ ಅಕ್ಕ ಮೊಹರು ಹಾಕಿ, ಸಹಿ ಮಾಡಿ ಕಳಿಸಿದಳು. ನಾನು ಬರೆದಿದ್ದ ಪಟ್ಟಿಯನ್ನು ಅವಳು ಇದ್ದ ಹಾಗೆಯೇ ಇಳಿಸಿಕೊಂಡಿದ್ದಳು. ಒಬ್ಬೊಬ್ಬರ ಹೆಸರಿನ ಮುಂದೆ ತೂಕ. ಬಾಯ್ಲರ್ ಮಾವನ ತೂಕ ನಾನು ಕೊಟ್ಟಿರಲಿಲ್ಲ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಮತ್ತೆ ಬರೆಸಲು ಸಮಯವಿರಲಿಲ್ಲ.

ವೀಸಾ ಕಚೇರಿಗೆ ಕಾಗದಗಳ ಕಡತ ಹಿಡಿದುಕೊಂಡು ನಾನೂ ಹೋದೆ. ತಣ್ಣನೆಯ ಹಾಲ್, ಸಾಲಾಗಿ ಗಾಜಿನ ಕಿಟಕಿಗಳು, ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಕುರ್ಚಿಗಳು. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು, ಬಾಯ್ಲರ್ ಮಾವ ಬೂಟಿಗೆ ಪಾಲಿಷ್ ಹಾಕಿಸಿದ್ದರು. ನಮ್ಮ ಸರದಿ ಬಂದಾಗ ಕಿಟಕಿಯಾಚೆ ಕನ್ನಡಕದ ಮೇಡಂ ಇದ್ದರು, ನಮ್ಮ ಮಾತು ಬಲ್ಲವರು. ಚಿಕ್ಕಮ್ಮ ಮುಂದೆ ನಿಂತಳು. ನಾನು ಅವಳ ಹಿಂದೆ ಕಡತ ಹಿಡಿದು ನಿಂತೆ.

ಮೇಡಂ ಹೋಟೆಲಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. "ಏನಮ್ಮ ಇದು? ಹೆಸರಿನ ಮುಂದೆ ಈ ಅಂಕಿಗಳು?"

"ತೂಕ ಮೇಡಂ."

"ಹೋಟೆಲಿನವರು ತೂಕ ಬರೆದುಕೊಟ್ಟಿರೋದನ್ನ ನಾನು ಇದೇ ಮೊದಲು ನೋಡ್ತಿರೋದು."

"ನಾವೂ ಹೋಟೆಲಲ್ಲಿ ಮಲಗ್ತಿರೋದು ಇದೇ ಮೊದಲು ಮೇಡಂ."

ಮೇಡಂ ನಗಲಿಲ್ಲ. "ಒಂದು ನಿಮಿಷ" ಎಂದು ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಬಾಯ್ಲರ್ ಮಾವ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಫೋನ್ ಮಾಡಿ ವಿಚಾರಿಸುತ್ತಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಉದ್ದಕ್ಕ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಆಮೇಲೆ ಅಲ್ಲಿ ಕೆಂಪಾಗಿತ್ತು.

ಆ ಕಡೆಯಿಂದ ಒಂದು ದೊಡ್ಡ ದನಿ ಬಂತು. ಗಾಜಿನ ಈಚೆಗೂ ಕೇಳಿಸಿತು. ಮಾತು ಅರ್ಥವಾಗಲಿಲ್ಲ, ಆದರೆ ನಡುನಡುವೆ ಜೋರಾದ ನಗು. ಮೇಡಂ ಮೊದಲು ಗಂಭೀರವಾಗಿ ಏನೋ ಕೇಳಿದರು. ಆಮೇಲೆ ಅವರ ತುಟಿ ಅಲುಗಿತು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಫೋನನ್ನು ಕೈಯಿಂದ ಮುಚ್ಚಿ ಚಿಕ್ಕಮ್ಮನನ್ನು ಕೇಳಿದರು:

"ಬೆಳಿಗ್ಗೆ ತಿಂಡಿಗೆ ಒಬ್ಬೊಬ್ಬರಿಗೆ ಎಷ್ಟು ಮೊಟ್ಟೆ ಬೇಕು ಅಂತ ಕೇಳ್ತಿದ್ದಾರೆ."

"ತೂಕ ಹಾಕೋಕೆ ಮೊದಲೋ ಆಮೇಲೋ ಅಂತ ಕೇಳಿ ಮೇಡಂ" ಅಂದಳು ಚಿಕ್ಕಮ್ಮ.

ಮೇಡಂ ಅದನ್ನೂ ಕೇಳಿದರು. ಅಷ್ಟು ಹೊತ್ತಿಗೆ ಪಕ್ಕದ ಕಿಟಕಿಯವರೂ ಇಣುಕುತ್ತಿದ್ದರು. ಎಲ್ಲರಿಗೂ ವೀಸಾ ಸಿಕ್ಕಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಬಾಯ್ಲರ್ ಮಾವ ಚಿಕ್ಕಮ್ಮನ ಬೆನ್ನ ಮೇಲೆ ಒಂದು ಏಟು ಹಾಕಿದರು. "ಮೆಲ್ಲಗೆ ಮಾವ, ಇನ್ನೂ ಎಳೆಯೋದಿದೆ" ಅಂದಳು ಅವಳು. ಚೀಲ ಹೊಲಿಸಿಟ್ಟವಳು ರಸ್ತೆಯಲ್ಲೇ ಅಳತೊಡಗಿದಳು, ಅವಳನ್ನು ನೋಡಿ ಇನ್ನಿಬ್ಬರು ಅತ್ತರು, ಅವರನ್ನು ನೋಡಿ ಉಳಿದವರು ನಕ್ಕರು.

ನಾನು ಹೋಗಲಿಲ್ಲ, ನನ್ನ ಹೆಸರು ತಂಡದಲ್ಲಿರಲಿಲ್ಲ. ಆದರೆ ಪಂದ್ಯ ನನಗೆ ತಿಳಿದದ್ದು ಯಾರಿಗೂ ಕಡಿಮೆಯಲ್ಲ. ಯಾಕೆಂದರೆ ಹೋಟೆಲಿನ ಅಕ್ಕ ದಿನವೂ ಬರೆಯುತ್ತಿದ್ದಳು. ಮೊದಲ ದಿನ: ನಿಮ್ಮವರು ಸುರಕ್ಷಿತವಾಗಿ ಬಂದರು, ಎಲ್ಲರೂ ಆಲೂಗಡ್ಡೆ ಯಂತ್ರದ ಮೇಲೆ ಹತ್ತಿದರು, ಯಾರೋ ಒಬ್ಬರಿಗೆ ಇಂದು ಊಟವಿಲ್ಲವಂತೆ. ಎರಡನೆಯ ದಿನ: ತೂಕ ಸರಿಹೋಯಿತು, ನನ್ನ ಅಡುಗೆಯವನು ಇಂಥ ಬೆಳಗನ್ನು ನೋಡಿಯೇ ಇಲ್ಲವಂತೆ, ಎಲ್ಲ ಮೊಟ್ಟೆ ಖಾಲಿ.

ಮೂರನೆಯ ದಿನದ ಪತ್ರವನ್ನು ನಾನು ಲಾಂಡ್ರಿಯಲ್ಲೇ ಓದಿದೆ. ಇಸ್ತ್ರಿಯವರು ರೋಲರ್ ನಿಲ್ಲಿಸಿ ಬಂದರು, ಡ್ರೈವರುಗಳೂ ಬಂದರು. ಹಿಂದಿನ ವರ್ಷ ಗೆದ್ದವರ ಎದುರು ನಮ್ಮವರು ಎಳೆದ ಆಟದ ಬಗ್ಗೆ ಆ ಅಕ್ಕ ಬರೆದಿದ್ದನ್ನು ನನಗೆ ಬಂದಷ್ಟು ಇಲ್ಲಿ ಕೊಡುತ್ತೇನೆ:

"ಬಹಳ ಹೊತ್ತು ಹಗ್ಗ ಅಲುಗಲಿಲ್ಲ. ನಾನು ಹಗ್ಗ ಎಲ್ಲಿಗಾದರೂ ಕಟ್ಟಿಹಾಕಿದ್ದಾರೋ ಎಂದು ನೋಡಿದೆ. ಕೊನೆಯಲ್ಲಿ ನಿಮ್ಮ ಚಿಕ್ಕಮ್ಮ ಹಿಮ್ಮಡಿ ನೆಲಕ್ಕೆ ಹೂತು, ಆಕಾಶ ನೋಡುತ್ತ, ಹಿಂದಕ್ಕೆ ವಾಲಿದ್ದಳು. ಅವಳು ಎಳೆಯುತ್ತಿರುವಂತೆ ಕಾಣಲಿಲ್ಲ. ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳುತ್ತಿರುವಂತೆ ಕಂಡಳು. ಆಮೇಲೆ ಎದುರಿನವರ ಕಾಲು ಒಂದೊಂದಾಗಿ ಜಾರತೊಡಗಿತು. ನನ್ನ ತಮ್ಮ ಮ್ಯಾನೇಜರ್ ರಟ್ಟಿನ ಮೇಲೆ 'ಸರಕು ಬಂದಿದೆ' ಎಂದು ಬರೆದುಕೊಂಡು ಬಂದು ಕುಣಿದ. ನನ್ನ ದನಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ."

ಡ್ರೈವರುಗಳು ಶಿಳ್ಳೆ ಹಾಕಿದರು. "ನಾವು ಜಾರಿದ್ದು ಚಪ್ಪಲಿಯಿಂದಲ್ಲ ಅಂತ ಈಗ ಒಪ್ಕೋತೀವಿ" ಎಂದು ಒಬ್ಬರು ಕೂಗಿದರು. ಕೊನೆಯ ಆಟದಲ್ಲಿ ನಮ್ಮವರು ಸೋತರು, ಎರಡನೆಯ ಸ್ಥಾನ ಬಂತು. ಅಲ್ಲಿಗೆ ಮೊದಲ ಸಲ ಹೋದ ತಂಡಕ್ಕೆ ಅದು ಸಣ್ಣದಲ್ಲ ಎಂದು ಪಂದ್ಯದವರೇ ಮೈಕಿನಲ್ಲಿ ಹೇಳಿದರಂತೆ.

ಚಿಕ್ಕಮ್ಮ ಮರಳಿ ಬಂದು ಪದಕವನ್ನು ಅಮ್ಮನ ಕುತ್ತಿಗೆಗೆ ಹಾಕಿದಳು. "ಮಂಚ ಹೇಗಿತ್ತು?" ಎಂದು ಅಮ್ಮ ಕೇಳಿದಳು.

"ಬಿಸಿಲು ಮೈಮೇಲೆ ಬಂದ ಮೇಲೆ ಎದ್ದೆ ಅಕ್ಕ. ಯಾರೂ ಎಬ್ಬಿಸಲಿಲ್ಲ" ಅಂದಳು. ಸ್ವಲ್ಪ ತಡೆದು, "ಬೆಡ್‌ಶೀಟಿನ ಮೂಲೆ ಮಾತ್ರ ಸರಿಯಾಗಿ ಮಡಿಸಿರಲಿಲ್ಲ. ಆ ಹುಡುಗಿಯರಿಗೆ ತೋರಿಸಿಕೊಟ್ಟು ಬಂದೆ" ಅಂದಳು.

ಈಗ ಇನ್ನೊಂದು ದೇಶದ ಪಂದ್ಯಕ್ಕೆ ಕರೆ ಬಂದಿದೆ. ತಂಡದ ಕಾಗದಪತ್ರ ನೋಡಿಕೊಳ್ಳಲು ನನ್ನ ಹೆಸರನ್ನೂ ಸೇರಿಸಬೇಕೆಂದು ಉದ್ದಕ್ಕನೇ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದಳು, ಯಾರೂ ಬೇಡವೆನ್ನಲಿಲ್ಲ. ಅಲ್ಲಿನ ಹೋಟೆಲುಗಳ ಇಮೇಲ್ ವಿಳಾಸಗಳು ನಿನ್ನೆ ಬಂದವು. ನಾಳೆ ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ಮೊದಲನೆಯ ಹೋಟೆಲಿಗೆ ಬರೆಯುತ್ತೇನೆ.